ಅಪ್‌ಡೇಟ್: ಜರ್ಮನ್ ಪುಟ ಕೊನೆಗೂ ಗೂಗಲ್‌ನಲ್ಲಿ ಬಂತು

ಚಿಕ್ಕಮಗಳೂರಿನ ನಮ್ಮ ಕಾಫಿ ರಫ್ತು ಕಂಪನಿಯ ವೆಬ್‌ಸೈಟಿಗೆ ಜರ್ಮನ್, ಅರೇಬಿಕ್ ಪುಟ ಮಾಡಿಸಿದ್ರೂ ಜರ್ಮನಿಯಲ್ಲಿ ಹುಡುಕಿದವರಿಗೆ ಇಂಗ್ಲಿಷ್ ಪುಟವೇ ಸಿಗ್ತಿದೆ ಅಂತ ಕೇಳಿದ್ದೆ. ಈಗ ಸರಿಹೋಗಿದೆ.

ಫಲ ಕೊಟ್ಟಿದ್ದು "ಕೆನಾನಿಕಲ್ ಟ್ಯಾಗ್ ನೋಡಿ" ಅಂದವರ ಸಲಹೆ. ಒಂದೇ ತರದ ಪುಟಗಳಲ್ಲಿ ಯಾವುದು ಮುಖ್ಯ ಅಂತ ಗೂಗಲ್‌ಗೆ ಹೇಳೋ ಕೋಡ್ ಸಾಲು ಅದು. ಅವರಿಗೆ ತುಂಬಾ ಥ್ಯಾಂಕ್ಸ್. ಯಾವ ಪುಟ ಯಾವ ಭಾಷೆಯವರಿಗೆ ಅಂತ ಹೇಳೋ ಎಚ್‌ರೆಫ್‌ಲ್ಯಾಂಗ್ ಟ್ಯಾಗ್ ಸರಿಯಾಗೇ ಇತ್ತು, ಎಲ್ಲಾ ಭಾಷೆಯ ಪುಟಗಳೂ ಒಂದನ್ನೊಂದು ತೋರಿಸ್ತಿದ್ವು. ಆದ್ರೆ ನಾವು ಕೊಂಡ ಥೀಮ್ (ವೆಬ್‌ಸೈಟಿನ ಸಿದ್ಧ ವಿನ್ಯಾಸ) ಎಲ್ಲಾ ಪುಟದಲ್ಲೂ ಕೆನಾನಿಕಲ್ ಅಂತ ಇಂಗ್ಲಿಷ್ ವಿಳಾಸವನ್ನೇ ತುಂಬ್ತಿತ್ತು. ಒಂದು ಟ್ಯಾಗ್ ಹೇಳಿದ್ದನ್ನ ಇನ್ನೊಂದು ಅಲ್ಲಗಳೆದ ಹಾಗೆ. ಪ್ರತಿ ಪುಟಕ್ಕೂ ಅದರದೇ ವಿಳಾಸ ಕೊಟ್ಟು, ವೆಬ್‌ಸೈಟ್ ಮಾಲೀಕರಿಗೆ ಗೂಗಲ್ ಕೊಡೋ ಸರ್ಚ್ ಕನ್ಸೋಲ್‌ನಲ್ಲಿ ಮತ್ತೆ ಇಂಡೆಕ್ಸಿಂಗ್‌ಗೆ (ಗೂಗಲ್‌ನ ಹುಡುಕಾಟದ ಪಟ್ಟಿಗೆ ಸೇರಿಸೋಕೆ) ಕೇಳಿದ್ವಿ. ಸ್ವಲ್ಪ ದಿನದಲ್ಲೇ ಜರ್ಮನ್ ಪುಟ ಬಂತು.

ಪುಟಕ್ಕೆ ಬಂದವರ ಐಪಿ (ಯಾವ ದೇಶದಿಂದ ಅಂತ ಅಂದಾಜು ಕೊಡೋ ಇಂಟರ್ನೆಟ್ ವಿಳಾಸ) ನೋಡಿ ತಾನಾಗಿ ಭಾಷೆ ಬದಲಿಸೋ ಸಲಹೆಯನ್ನೂ ಪ್ರಯತ್ನಿಸಿದ್ವಿ, ಪ್ರಯೋಜನ ಆಗ್ಲಿಲ್ಲ. ಗೂಗಲ್‌ನ ಕ್ರಾಲರ್ (ಪುಟಗಳನ್ನ ಓದಿಕೊಂಡು ಹೋಗೋ ಪ್ರೋಗ್ರಾಂ) ಹೆಚ್ಚಾಗಿ ಅಮೆರಿಕದ ಐಪಿಯಿಂದ ಬರುತ್ತೆ, ಅದಕ್ಕೆ ಜರ್ಮನ್ ಪುಟ ಸಿಗೋದೇ ಕಷ್ಟ. ಬರ್ಲಿನ್‌ನಲ್ಲಿರೋ ನಮ್ಮೂರವರಿಗೂ ಬಲವಂತವಾಗಿ ಜರ್ಮನ್ ತೋರಿಸಿದ ಹಾಗಾಗುತ್ತೆ. ಪುಟದ ಮೇಲೆ ಭಾಷೆ ಆರಿಸೋ ಮೆನು ಇಟ್ವಿ, ಅಷ್ಟೇ ಸಾಕು. ಜರ್ಮನ್ ಪುಟಕ್ಕೆ ಅಂತ ಬೇರೆ ಡೊಮೇನ್ (ವೆಬ್‌ಸೈಟ್ ಹೆಸರು) ಕೊಳ್ಳೋ ಅಗತ್ಯ ಬೀಳಲಿಲ್ಲ.

ನನಗೆ ಆಶ್ಚರ್ಯ ಆಗಿದ್ದು ಅರೇಬಿಕ್ ಪುಟ. ಬಲದಿಂದ ಎಡಕ್ಕೆ ತಿರುಗಿಸಿದ ಮೇಲೆ ನಮ್ಮ ಫೋನ್ ನಂಬರಿನ +91ರಲ್ಲಿ ಪ್ಲಸ್ ಚಿಹ್ನೆ ಜಾಗ ಬದಲಿಸಿ, ಅಂಕಿಗಳ ಗುಂಪುಗಳೂ ಹಿಂದೆಮುಂದೆ ಆಗಿದ್ವು. ನಂಬರಿಗೆ ಮಾತ್ರ ಪ್ರತ್ಯೇಕವಾಗಿ ಎಡದಿಂದ ಬಲಕ್ಕೆ ಅನ್ನೋ ಡಿಐಆರ್ ಗುಣ (dir, ಪುಟದ ಕೋಡ್‌ನಲ್ಲಿ ಬರಹದ ದಿಕ್ಕು ಹೇಳೋ ಸೂಚನೆ) ಕೊಟ್ರೆ ಸರಿಯಾಗುತ್ತೆ. ಅರೇಬಿಕ್ ಪುಟ ಇರೋರು ಫೋನ್ ನಂಬರನ್ನ ಇವತ್ತೇ ಒಮ್ಮೆ ನೋಡಿಬಿಡಿ.