ಅಪ್‌ಡೇಟ್: ದೋಣಿ ಮೇಲಿನ ಹಳೇ ಹೆಸರು ಕೊನೆಗೂ ಹೋಯ್ತು (ಹೆಚ್ಚುಕಮ್ಮಿ)

ಫೈಬರ್ ದೋಣಿಯ ವಿನೈಲ್ ಅಕ್ಷರ ಕಿತ್ತ ಮೇಲೂ ಹಳೇ ಹೆಸರು ಹಾಗೇ ಕಾಣುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಕೆಲಸ ಮುಗಿಯಿತು.

ಅಂಟು ತೊಂದರೆ ಕೊಡಲಿಲ್ಲ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ, ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದೆ. ಉಳಿದ ಜಿಗುಟು ಮಿನರಲ್ ಸ್ಪಿರಿಟ್‌ಗೆ ಹೋಯಿತು.

ತಪ್ಪಿದ್ದು ನನ್ನ ಲೆಕ್ಕ. ಅಕ್ಷರದ ಜಾಗವನ್ನೇ ಎರಡು ದಿನ ತಿಕ್ಕಿದೆ, ಸುಮ್ನೆ ದಂಡ. ಅದು ಕಲೆಯೇ ಅಲ್ಲ! ಅಕ್ಷರದ ಅಡಿಯ ಜೆಲ್‌ಕೋಟ್ (ಫೈಬರ್ ಮೇಲಿನ ಹೊಳಪಿನ ಬಣ್ಣದ ಪದರ) ಹೊಸದರಂತೆ ಉಳಿದಿತ್ತು. ಬಿಸಿಲಿಗೆ ಬಿಳಿಚಿಕೊಂಡಿದ್ದು ಸುತ್ತಲಿನದು. ಅಲ್ಲಿ ಬೆರಳಾಡಿಸಿದರೆ ಸೀಮೆಸುಣ್ಣದ ಹಾಗೆ ಪುಡಿ ಅಂಟುತ್ತಿತ್ತು.

ಹಾಗಾಗಿ ಇಡೀ ಪಕ್ಕಕ್ಕೇ ನೀರು ಹಾಕುತ್ತಾ 1000, 1500, 2000 ನಂಬರಿನ ವಾಟರ್ ಪೇಪರ್ ಉಜ್ಜಿದೆ. ಪ್ರತಿ ಸಲ ಪೆನ್ಸಿಲ್‌ನಲ್ಲಿ ಗೀಚಿಕೊಂಡು, ಗೀಟು ಅಳಿದ ತಕ್ಷಣ ನಿಲ್ಲಿಸಿದೆ. ಜೆಲ್‌ಕೋಟ್ ಇರುವುದೇ ಅರ್ಧ ಮಿಲಿಮೀಟರಿನಷ್ಟು, ಮೂಲೆಗಳಲ್ಲಿ ಇನ್ನೂ ತೆಳು. ಜಾಸ್ತಿ ಉಜ್ಜಿದರೆ ಕಥೆ ಮುಗೀತು. ಆಮೇಲೆ ರಬ್ಬಿಂಗ್ ಕಾಂಪೌಂಡ್, ಪಾಲಿಶ್, ಕೊನೆಗೆ ವ್ಯಾಕ್ಸ್.

ಈಗ ಎದುರಿಗೆ ನಿಂತರೆ ಏನೂ ಕಾಣಲ್ಲ. ಇಳಿಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಮೊದಲ ಅಕ್ಷರದ ಅಂಚು ಮಾತ್ರ ಇಣುಕುತ್ತದೆ. ಹೊಸ ಹೆಸರು ಅದರ ಮೇಲೇ ಬರುತ್ತೆ ಅಲ್ವಾ, ಬಿಟ್ಟುಬಿಟ್ಟೆ.