ಬಲೂನ್ ತಲೆಯ ಡೋರೇಮಾನ್: ಮನೆ ಗುಂಪಿನ ಭಾನುವಾರದ ವಾದ

ದೊಡ್ಡಪ್ಪ: (ವಿಡಿಯೋ) ‘ಒಂದೇ ದಿನದಲ್ಲಿ, ನೂರು ರೂಪಾಯಿಯಲ್ಲಿ ಡೋರೇಮಾನ್ ವೇಷ’. ಪುಟ್ಟಿ, ನೋಡಮ್ಮ. ಆ ಕಾರ್ಟೂನಿನ ನೀಲಿ ರೋಬೋ ಬೆಕ್ಕು. ಚಿನ್ನು ಛದ್ಮವೇಷಕ್ಕೆ ಆಗುತ್ತೆ. ಬಲೂನು, ಹಳೇ ಪೇಪರು, ಸ್ಪ್ರೇ ಬಣ್ಣ. ಮುಗೀತು.

ಪುಟ್ಟಿ: ಸರಿಯಾದ ಹೊತ್ತಿಗೆ ಹಾಕಿದ್ರಿ ದೊಡ್ಡಪ್ಪ. ಮುಂದಿನ ಭಾನುವಾರವೇ ಇರೋದು. ಅವಳು ಡೋರೇಮಾನ್ ಬಿಟ್ಟು ಬೇರೆ ಏನೂ ಬೇಡ ಅಂತಿದಾಳೆ.

ಕಿಟ್ಟಿ: ಅಪ್ಪಾ, ಆ ವಿಡಿಯೋದಲ್ಲಿ ಡೋರೇಮಾನ್‌ಗೆ ಕಿವಿ ಇದೆ.

ದೊಡ್ಡಪ್ಪ: ಬೆಕ್ಕಿಗೆ ಕಿವಿ ಇರಲ್ವೇನೋ?

ಕಿಟ್ಟಿ: ಈ ಬೆಕ್ಕಿಗೆ ಇಲ್ಲ. ಇಲಿ ಕಡಿದು ಹೋಗಿದ್ದು, ಕಥೆಯೇ ಅದು. ಮೊದಲು ಕಿವಿಯೂ ಇತ್ತು, ಮೈ ಹಳದಿಯೂ ಇತ್ತು. ಕಿವಿ ಇಡಲೇಬೇಕು ಅಂದ್ರೆ ಹಳದಿ ಬಳೀಬೇಕು, ಆಮೇಲೆ ಜಡ್ಜ್‌ಗೆ ಅರ್ಥ ಆಗ್ಲಿ ಅಂತ ಪಕ್ಕದಲ್ಲಿ ಒಬ್ಬರು ನಿಂತು ವಿವರಿಸಬೇಕು. ಮೀಸೆನೂ ಒಂದೊಂದು ಕಡೆಗೆ ನಾಲ್ಕು ಬರೆದಿದಾರೆ. ಮೂರು ಮೂರೇ.

ಮಾವ ಮಂಡ್ಯ: ಕಿವಿ ಮೀಸೆ ಆಮ್ಯಾಕೆ ಕಣ್ಲಾ. ಆ ತಲೆನೇ ನಿಲ್ಲಕಿಲ್ಲ. ಎರಡೇ ಪದರ ಪೇಪರ್ ಅಂಟಿಸವ್ರೆ. ಬಲೂನು ಒಡೆದ ತಕ್ಷಣ ಒಳಿಕ್ ಕುಸೀತದೆ.

ಪುಟ್ಟಿ: ಹಾಗಾದ್ರೆ ಎಷ್ಟು ಪದರ ಬೇಕು ಮಾವ?

ಮಾವ ಮಂಡ್ಯ: ಕಮ್ಮಿ ಅಂದ್ರೂ ಐದು. ಒಂದು ಪದರ ಕನ್ನಡ ಪೇಪರು, ಮ್ಯಾಲಿಂದು ಬಿಳಿ ಹಾಳೆ, ಮತ್ತೆ ಕನ್ನಡ ಪೇಪರು. ಹಿಂಗೆ ಬದಲಾಯಿಸ್ಕಂಡು ಹೋದ್ರೆ ಎಲ್ಲಿ ಅಂಟಿಲ್ಲ ಅಂತ ಕಣ್ಣಿಗೇ ಕಾಣ್ತದೆ. ಕತ್ರಿಲಿ ಕತ್ತರಿಸ್ಬೇಡ, ಕೈಲಿ ಹರಿ. ಹರಿದ ಅಂಚು ತೆಳ್ಳಗಿರ್ತದೆ, ಗೆರೆ ಏಳಕಿಲ್ಲ. ಅಂಟಿಗೆ ಒಂದು ಲೋಟ ಮೈದಾನ ಒಂದು ಲೋಟ ತಣ್ಣೀರಲ್ಲಿ ಗಂಟಿಲ್ದಂಗೆ ಕಲಸು, ಕುದಿಯೋ ನಾಲ್ಕು ಲೋಟ ನೀರಿಗೆ ಸುರಿದು ತಿರುಗಿಸ್ತಾ ಇರು. ಗಂಜಿ ಹೊಳಪು ಬಂದ್ಮ್ಯಾಲೆ ಇಳಿಸು. ಹುಳ ಬೀಳ್ದಂಗೆ ಚಿಟಿಕೆ ಮೈಲುತುತ್ತ.

ಅತ್ತೆ ಕುವೆಂಪುನಗರ: ಮೈಲುತುತ್ತ ಮಗು ಮುಖಕ್ಕಾ?! ಅದು ವಿಷ ಕಣಪ್ಪ. ಪುಸ್ತಕದ ರಟ್ಟಿಗೆ ಹಾಕೋದು ಬೇರೆ, ಬಾಯಿ ಮೂಗಿನ ಹತ್ರ ಇರೋ ತಲೆಗೆ ಹಾಕೋದು ಬೇರೆ.

ಮಾವ ಮಂಡ್ಯ: ಅದು ಸರಿ ಅಕ್ಕಾ, ತಪ್ಪಾಯ್ತು. ಚೆನ್ನಾಗಿ ಒಣಗಿದ್ರೆ ಒಂದು ದಿನದ ವೇಷಕ್ಕೆ ಹುಳದ ಯೋಚ್ನೆ ಇಲ್ಲ.

ಕಿಟ್ಟಿ: ‘ಚೆನ್ನಾಗಿ ಒಣಗಿದ್ರೆ’ ಅನ್ನೋದೇ ಸಮಸ್ಯೆ. ಒಂದು ವಾರದಿಂದ ಮೈಸೂರಲ್ಲಿ ಬಿಸಿಲು ಕಂಡಿದೀರಾ? ಈ ಜಿಟಿಜಿಟಿ ಮಳೇಲಿ ಐದು ಪದರ ಒಣಗೋಕೆ ನಾಲ್ಕೈದು ದಿನ ಬೇಕು. ಅಷ್ಟು ದಿನ ಬಲೂನು ಹಾಗೇ ಇರಲ್ಲ. ರಾತ್ರಿ ತಂಪಿಗೆ ಒಳಗಿನ ಗಾಳಿ ಕುಗ್ಗುತ್ತೆ, ಜೊತೆಗೆ ಸೋರುತ್ತೆ, ಹಸಿ ಕಾಗದ ಸುಕ್ಕಾಗುತ್ತೆ. ಬಿಸಿಲು ಬಂತು ಅಂತ ಟೆರೇಸ್‌ಗೆ ಇಟ್ರೆ ಹಿಗ್ಗಿ ಬಿರುಕು ಬಿಡುತ್ತೆ. ಅಂಗಡಿ ಬಲೂನು 12 ಇಂಚು, ಅದೂ ಮಾವಿನಕಾಯಿ ಆಕಾರ. ಡೋರೇಮಾನ್ ತಲೆ ಎತ್ತರಕ್ಕಿಂತ ಅಗಲ ಜಾಸ್ತಿ.

ದೊಡ್ಡಪ್ಪ: ಹಾಗಾದ್ರೆ ಥರ್ಮೋಕೋಲ್ ಕೊರೆದು ಮಾಡಿ.

ಕಿಟ್ಟಿ: ಅದೇ ವಿಡಿಯೋದ ಸ್ಪ್ರೇ ಬಣ್ಣ ಹೊಡೀರಿ, ಕಣ್ಣೆದುರೇ ಕರಗುತ್ತೆ. ಡಬ್ಬಿಯಲ್ಲಿರೋ ದ್ರಾವಕ ಥರ್ಮೋಕೋಲನ್ನ ತಿನ್ನುತ್ತೆ. ಫೆವಿಕ್ವಿಕ್ಕೂ ತಿನ್ನುತ್ತೆ. ಥರ್ಮೋಕೋಲ್‌ಗೆ ಆಗೋದು ಬಿಳಿ ಫೆವಿಕಾಲ್, ನೀರಲ್ಲಿ ಕಲಸೋ ಅಕ್ರಿಲಿಕ್ ಬಣ್ಣ, ಅಷ್ಟೇ.

ಕಿಟ್ಟಿ: ಅಕ್ಕಾ, ನನ್ನ ಮಾತು ಕೇಳು. ಇವಿಎ ಫೋಮ್ (ಚಪ್ಪಲಿ ಅಟ್ಟೆಗೆ ಹಾಕೋ ಮೆತ್ತನೆ ಹಾಳೆ) ತಗೋ, 5 ಮಿ.ಮೀ. ಚಪ್ಪಲಿ ಸಾಮಾನು ಮಾರೋ ಅಂಗಡೀಲಿ ಹಾಳೆ ಲೆಕ್ಕದಲ್ಲಿ ಸಿಗುತ್ತೆ. ಕಿತ್ತಳೆ ತೊಳೆ ಆಕಾರದಲ್ಲಿ ಎಂಟು ತುಂಡು. 34 ಸೆಂ.ಮೀ. ಅಡ್ಡಳತೆಯ ತಲೆಗೆ ಒಂದೊಂದು ತೊಳೆ 53 ಸೆಂ.ಮೀ. ಉದ್ದ, ನಡುವೆ 13.4 ಅಗಲ. ಚಪ್ಪಲಿ ಅಂಟನ್ನ ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ 10 ನಿಮಿಷ ಬಿಡು. ಬೆರಳಿಗೆ ಅಂಟದಿದ್ದಾಗ ಜೋಡಿಸು. ಹಸಿಯಲ್ಲೇ ಒತ್ತಿದ್ರೆ ಜಾರುತ್ತೆ, ಒಣಗಿದ ಮೇಲೆ ಒಂದು ಸಲ ತಾಗಿದ್ರೆ ಮತ್ತೆ ಬಿಡಿಸೋಕಾಗಲ್ಲ. ಕಿಟಕಿ ತೆಗೆದಿರಬೇಕು, ಒಲೆ ಹತ್ರ ಬೇಡವೇ ಬೇಡ. ಆ ಅಂಟಿನ ಆವಿ ಬೆಂಕಿ ಹಿಡಿಯುತ್ತೆ.

ಪುಟ್ಟಿ: ಬಣ್ಣ?

ಕಿಟ್ಟಿ: ಫೋಮ್ ಬಣ್ಣ ಹೀರುತ್ತೆ. ಮೊದಲು ಹೀಟ್ ಗನ್ (ತುಂಬಾ ಬಿಸಿ ಗಾಳಿ ಊದೋ ಯಂತ್ರ) ಆಡಿಸಿ ಮೇಲ್ಮೈ ಮುಚ್ಚಬೇಕು, ತಲೆ ಒಣಗಿಸೋ ಡ್ರೈಯರ್ ಸಾಕಾಗಲ್ಲ. ಆಮೇಲೆ ಫೆವಿಕಾಲ್ ನೀರು ಸಮ ಸಮ ಬೆರೆಸಿ ಮೂರು ಕೋಟು, ಅದರ ಮೇಲೆ ಬಣ್ಣ. ದಪ್ಪ ಬಳಿದ್ರೆ ಫೋಮ್ ಬಗ್ಗಿದ ಕಡೆ ಬಿರುಕು.

ಅತ್ತೆ ಕುವೆಂಪುನಗರ: ಒಂದನೇ ಕ್ಲಾಸಿನ ಮಗು ಎರಡು ನಿಮಿಷ ಸ್ಟೇಜ್ ಮೇಲೆ ನಿಲ್ಲೋದಕ್ಕೆ ಹೀಟ್ ಗನ್ನಾ? ಮೊದಲು ಒಂದು ಹೇಳಿ. ಆ ಗುಂಡು ತಲೆ ಒಳಗೆ ಅವಳು ನೋಡೋದು ಎಲ್ಲಿಂದ?

ಕಿಟ್ಟಿ: ಬಾಯಿಂದ ಅತ್ತೆ. ಗೊಂಬೆ ಕಣ್ಣು ಮೇಲಿರುತ್ತೆ, ಮಗು ಕಣ್ಣು ಬಾಯಿ ಹತ್ರ ಬರುತ್ತೆ. ಬಾಯಿಗೆ ಕಪ್ಪು ನೆಟ್ ಬಟ್ಟೆ. ಹೊರಗೆ ಬೆಳಕು, ಒಳಗೆ ಕತ್ತಲು ಇರೋದ್ರಿಂದ ಅವಳಿಗೆ ಕಾಣುತ್ತೆ, ನೋಡೋರಿಗೆ ಮುಖ ಕಾಣಲ್ಲ. ಬಿಳಿ ನೆಟ್ ಹಾಕಿದ್ರೆ ಸ್ಟೇಜ್ ಲೈಟ್ ಅದರ ಮೇಲೇ ಹೊಳೆದು ಕುರುಡು. ತಲೆ ತಿರುಗದ ಹಾಗೆ ಒಳಗೆ ಸ್ಕೇಟಿಂಗ್ ಹೆಲ್ಮೆಟ್ ಕೂರಿಸಬೇಕು. ಹಿಂದೆ ಮೇಲ್ಗಡೆ ಗಾಳಿ ತೂತು.

ಅತ್ತೆ ಕುವೆಂಪುನಗರ: ಮೆಟ್ಟಿಲು?

ಕಿಟ್ಟಿ: ಕಾಲು ಕಾಣಲ್ಲ. ಯಾರಾದ್ರೂ ಕೈ ಹಿಡ್ಕೊಂಡು ಹತ್ತಿಸಬೇಕು.

ಅತ್ತೆ ಕುವೆಂಪುನಗರ: ಅಲ್ಲಿಗೆ ಆಯ್ತು. ಪದ್ಯ ಹೇಳಿದ್ರೂ ಹೊರಗೆ ಕೇಳ್ಸಲ್ಲ. ತಲೆ ಬೇಡ ಪುಟ್ಟಿ. ಮುಖ ತೆರೆದ ಟೊಪ್ಪಿ ಹೊಲಿಯೋಣ.

ಕಿಟ್ಟಿ: ಅದು ನೀಲಿ ಸ್ವೆಟರ್ ಹಾಕಿದ ಮಗು ಆಗುತ್ತೆ ಅತ್ತೆ, ಡೋರೇಮಾನ್ ಆಗಲ್ಲ.

ಅತ್ತೆ ಕುವೆಂಪುನಗರ: ಯಾಕಾಗಲ್ಲ? ಟೊಪ್ಪಿಗೆ ಒಳಪದರ ಕೊಟ್ಟು ನಡುವೆ ದಿಂಬಿಗೆ ತುಂಬೋ ರೆಕ್ರಾನ್ ಹತ್ತಿ ಕಾಲು ಕೆ.ಜಿ. ತುಂಬಿದ್ರೆ ಗುಂಡಗೆ ನಿಲ್ಲುತ್ತೆ. ಹತ್ತಿ ಒಂದೇ ಕಡೆ ಜಾರದ ಹಾಗೆ ಅಲ್ಲಲ್ಲಿ ಟಾಕಾ ಹಾಕ್ತೀನಿ. ಮುಖದ ಸುತ್ತ ನಾಲ್ಕು ಬೆರಳು ಬಿಳಿ ಪಟ್ಟಿ. ಕಣ್ಣು ಹಣೆ ಮೇಲೆ ಟೊಪ್ಪಿಗೆ: 9 ಸೆಂ.ಮೀ. ಎತ್ತರ 7 ಅಗಲದ ಎರಡು ಬಿಳಿ ಫೆಲ್ಟ್ ಮೊಟ್ಟೆ, ಒಂದಕ್ಕೊಂದು ತಾಗಿರಬೇಕು. ನಡುವೆ ಜಾಗ ಬಿಟ್ಟರೆ ಗೂಬೆ.

ಕಿಟ್ಟಿ: ಕಣ್ಣು ತಾಗಿರೋದು ಗೊತ್ತಾ ನಿಮಗೆ! ಸರಿ, ಒಪ್ಪಿದೆ ಅರ್ಧ.

ದೊಡ್ಡಪ್ಪ: ಇಷ್ಟೆಲ್ಲಾ ಯಾಕೆ. ಒನಕೆ ಓಬವ್ವ ಹಾಕಿಸಿ. ಸೀರೆ, ಒನಕೆ, ಮುಗೀತು. ಅಥವಾ ಶಕ್ತಿಮಾನ್.

ಕಿಟ್ಟಿ: ಶಕ್ತಿಮಾನ್ ಶುರುವಾಗಿದ್ದು 1997ರಲ್ಲಿ ಅಪ್ಪಾ. ಈಗಿನ ಮಕ್ಕಳಿಗೆ ಯಾರು ಅಂತಲೇ ಗೊತ್ತಿಲ್ಲ.

ಅತ್ತೆ ಕುವೆಂಪುನಗರ: ಅದೂ ಸುಲಭ ಅಲ್ಲ ಅಣ್ಣ. ಲೈಕ್ರಾ ಮೇಲೆ ಚಿನ್ನದ ಬಣ್ಣ ಬಳಿದ್ರೆ ಎಳೆದ ಕೂಡ್ಲೇ ಉದುರುತ್ತೆ. ಎದೆ ಚಕ್ರನ ಗೋಲ್ಡ್ ರೆಕ್ಸಿನ್‌ನಲ್ಲಿ ಕತ್ತರಿಸಿ, ಪಕ್ಕ ಜೋಡಿಸೋ ಮುಂಚೆ ಬಟ್ಟೆ ಚಪ್ಪಟೆ ಇರುವಾಗಲೇ ಹೊಲೀಬೇಕು.

ಪುಟ್ಟಿ: ಡೋರೇಮಾನೇ. ದಯವಿಟ್ಟು. ಹೊಟ್ಟೆ ಹೇಗೆ? ದಿಂಬು ಕಟ್ಟಿದ್ರೆ ಜಾರಲ್ವಾ?

ಮಾವ ಮಂಡ್ಯ: ದಿಂಬು ಯಾಕವ್ವ. ತ್ವಾಟದಲ್ಲಿ 16 ಎಂಎಂ ಡ್ರಿಪ್ ಪೈಪ್ ಬಿದ್ದದೆ. ಬಳೆ ಮಾಡಿ ಜಾಯಿನರ್ ಹಾಕುದ್ರೆ ಆಯ್ತು. ಹಗುರ, ಆಟೋದಲ್ಲಿ ಅದುಮುದ್ರೂ ಮುರಿಯಕಿಲ್ಲ.

ಕಿಟ್ಟಿ: ಮಾವ, ಸೂಪರ್! ಅಳತೆ ನಾನು ಹೇಳ್ತೀನಿ. ಡೋರೇಮಾನ್ ಎತ್ತರ 129.3 ಸೆಂ.ಮೀ. ಎದೆ ಸುತ್ತಳತೆನೂ 129.3. ತೂಕ ಕೂಡ 129.3 ಕೆ.ಜಿ. ಅಂದ್ರೆ ಎತ್ತರ ಎಷ್ಟೋ ಸುತ್ತು ಅಷ್ಟೇ. ಚಿನ್ನು 117 ಇದ್ರೆ ಪೈಪ್ 117.

ಅತ್ತೆ ಕುವೆಂಪುನಗರ: ಟೊಪ್ಪಿ ಹತ್ತಿ ಸೇರಿ ಎತ್ತರ ಏರಲ್ವಾ?

ಕಿಟ್ಟಿ: ಏರುತ್ತೆ. 5 ಸೆಂ.ಮೀ. ಸೇರಿಸಿ, 122. ಅಡ್ಡಳತೆ ಸುಮಾರು 39 ಬರುತ್ತೆ.

ಅತ್ತೆ ಕುವೆಂಪುನಗರ: ಲೆಕ್ಕ ಸರಿ, ವೇಷ ತಪ್ಪು. ನಿನ್ನ ಗೊಂಬೇಲಿ ತಲೆ ಹೊಟ್ಟೆಯಷ್ಟೇ ದಪ್ಪ. ನಮ್ಮ ಟೊಪ್ಪಿ ಎಷ್ಟೇ ತುಂಬಿದ್ರೂ 30 ಸೆಂ.ಮೀ. ದಾಟಲ್ಲ. ಹೊಟ್ಟೆ 39 ಇಟ್ರೆ ಕಡಾಯಿ ಮೇಲೆ ಚೊಂಬು ಇಟ್ಟಂಗೆ. ಬಳೆ 32 ಸಾಕು. ಪೈಪ್ ಒಂದು ಮೀಟರ್.

ಕಿಟ್ಟಿ: 129.3ರ ಲೆಕ್ಕ ಹಾಳಾಯ್ತು 😩 ಆದ್ರೆ ನೀವು ಹೇಳೋದು ಸರಿ. ತಲೆಗೆ ತಕ್ಕ ಹೊಟ್ಟೆ.

ಅತ್ತೆ ಕುವೆಂಪುನಗರ: ಒಂದೇ ಬಳೆ ನಡುವಿಗೆ ಇಟ್ರೆ ಬುಗುರಿ ಆಕಾರ ಬರುತ್ತೆ. ಅದಕ್ಕೆ ಬಟ್ಟೆ ಒಳಗೆ ಅರ್ಧ ಇಂಚು ಸ್ಪಾಂಜ್ ಹಾಳೆ, ಕುತ್ತಿಗೆ ಹತ್ರ ನೆರಿಗೆ, ಕೆಳಗೆ ಎಲಾಸ್ಟಿಕ್. ಬಳೆ ಕೂರೋಕೆ ಒಳಗಡೆ ಲಾಡಿ ಪಟ್ಟಿ ಥರ 4 ಸೆಂ.ಮೀ. ಪಟ್ಟಿ. ಭಾರ ಹೆಗಲಿಗೆ ಹೋಗ್ಲಿ, ಒಳಗಿಂದ ಎರಡು ಎಲಾಸ್ಟಿಕ್ ಬೆನ್ನಲ್ಲಿ ಅಡ್ಡ ದಾಟಿಸ್ತೀನಿ. ಬಟ್ಟೆ ನೀಲಿ ಹೊಸಿಯರಿ, ಬನಿಯನ್ ಥರ ಹಿಗ್ಗೋದು, ಎರಡು ಮೀಟರ್ ತಾ. ಸ್ಯಾಟಿನ್ ತರಬೇಡ, ಎಳೆ ಬಿಚ್ಚುತ್ತೆ. ಬಾಲ್ ಪಾಯಿಂಟ್ ಸೂಜಿ 11 ನಂಬರೂ ತಾ. ಸಾದಾ ಸೂಜೀಲಿ ಹೊಸಿಯರಿ ಹೊಲಿದ್ರೆ ಟಾಕಾ ಬಿಟ್ಟು ಬಿಟ್ಟು ಹೋಗುತ್ತೆ.

ಅತ್ತೆ ಕುವೆಂಪುನಗರ: ಮತ್ತೆ, ಬಟ್ಟೆ ಮೊದಲೇ ನೀರಲ್ಲಿ ಚೆನ್ನಾಗಿ ಜಾಲಿಸಿ ಕೊಡು. ನೀಲಿ ಬಣ್ಣ ಬಿಟ್ಟರೆ ಬೆವರಿಗೆ ಬಿಳಿ ಹೊಟ್ಟೆ ಎಲ್ಲಾ ನೀಲಿ.

ಪುಟ್ಟಿ: ಮುಖಕ್ಕೆ? ಮನೇಲಿ ಪೋಸ್ಟರ್ ಕಲರ್ ಇದೆ.

ಮಾವ ಮಂಡ್ಯ: ಪೋಸ್ಟರ್ ಕಲರ್ ಮುಖಕ್ಕೆ ಮುಟ್ಟಿಸ್ಬ್ಯಾಡ! ಅದು ಕಾಗದಕ್ಕೆ ಮಾಡಿದ್ದು. ಮುಖದ ಬಣ್ಣ ಅಂತಲೇ ಇರೋದು ತಗೋ. ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಚುಕ್ಕೆ ಇಟ್ಟು ನೋಡು, ಕೆಂಪಾದ್ರೆ ಬಿಟ್ಟುಬುಡು. ಬರೀ ಮೂಗಿನ ತುದಿ ಕೆಂಪು, ಮೀಸೆ ಮೂರು ಮೂರು ಕಪ್ಪು. ಮ್ಯಾಲೆ ಪೌಡರ್ ಒತ್ತಿದ್ರೆ ಬೆವರಿಗೆ ಇಳಿಯಕಿಲ್ಲ. ತೆಗೆಯಕೆ ಕೊಬ್ಬರಿ ಎಣ್ಣೆ, ಹತ್ತಿ. ಸೋಪಲ್ಲಿ ಉಜ್ಜಬ್ಯಾಡ.

ಕಿಟ್ಟಿ: ಡೋರೇಮಾನ್ ಕುತ್ತಿಗೆಯ ಗಂಟೆಗೆ ಹಿತ್ತಾಳೆ ಬೇಡ, ಕುತ್ತಿಗೆ ಜಗ್ಗುತ್ತೆ. ಮಕ್ಕಳ ಬಾಲ್ ಪೂಲ್‌ನ ಹಳದಿ ಪ್ಲಾಸ್ಟಿಕ್ ಚೆಂಡು, 7 ಸೆಂ.ಮೀ. ಮಾರ್ಕರ್‌ನಲ್ಲಿ ಎರಡು ಗೆರೆ, ಕೆಳಗೆ ಒಂದು ಚುಕ್ಕೆ, ಚುಕ್ಕೆಯಿಂದ ಕೆಳಕ್ಕೆ ಒಂದು ಗೀಟು.

ಅತ್ತೆ ಕುವೆಂಪುನಗರ: ಗಂಟೆ ಕಟ್ಟೋ ಕೆಂಪು ಪಟ್ಟಿಗೆ ಗಂಟು ಹಾಕ್ಬೇಡಿ, ವೆಲ್‌ಕ್ರೋ. ಯಾರಾದ್ರೂ ಎಳೆದ್ರೆ ತಾನಾಗೇ ಬಿಚ್ಚಿಕೊಳ್ಳಬೇಕು.

ಪುಟ್ಟಿ: ಅತ್ತೆ, ಮಧ್ಯೆ ಬಾತ್‌ರೂಮ್ ಅಂದ್ರೆ?

ಅತ್ತೆ ಕುವೆಂಪುನಗರ: ಅದಕ್ಕೇ ಒಂದೇ ಪೀಸ್ ಮಾಡ್ತಿಲ್ಲ. ಮೇಲಂಗಿ ಬೇರೆ, ಪ್ಯಾಂಟ್ ಬೇರೆ. ಬಳೆ ಸಮೇತ ಮೇಲೆತ್ತಿದ್ರೆ ಆಯ್ತು. ಬಿಳಿ ಹೊಟ್ಟೆ 24 ಸೆಂ.ಮೀ. ವೃತ್ತ, ಜೇಬು ಅರ್ಧವೃತ್ತ 17 ಅಗಲ. ಜೇಬನ್ನ ಮೊದಲು ಬಿಳಿಗೆ ಹೊಲಿದು ಆಮೇಲೆ ಬಿಳಿನ ನೀಲಿಗೆ.

ದೊಡ್ಡಪ್ಪ: ಎಲ್ಲಾ ಹೇಳಿದ್ರಿ, ಬಾಲ ಮರೆತ್ರಿ. ನಾನು ಕಳಿಸಿದ ವಿಡಿಯೋದಲ್ಲಿ ಇದೆ!

ಕಿಟ್ಟಿ: ಹೌದಲ್ವಾ! ಕೆಂಪು ಚೆಂಡು. ಅಪ್ಪಾ, ಅದನ್ನ ಎಳೆದ್ರೆ ಡೋರೇಮಾನ್ ಆಫ್ ಆಗಿಬಿಡುತ್ತೆ, ಅದು ಸ್ವಿಚ್. ಕ್ಲಾಸಿನ ಹುಡುಗರಿಗೆಲ್ಲಾ ಗೊತ್ತು.

ಅತ್ತೆ ಕುವೆಂಪುನಗರ: ಹಾಗಾದ್ರೆ ಎಳೆದೇ ಎಳೀತಾರೆ. ಹೊಲಿದ್ರೆ ಬಟ್ಟೆ ಹರಿಯುತ್ತೆ. ಪ್ರೆಸ್ ಬಟನ್ ಹಾಕ್ತೀನಿ, ಪ್ಯಾಂಟಿಗೆ, ಮೇಲಂಗಿಗಲ್ಲ. ಕೂರುವಾಗ ತೆಗೆದಿಡಲಿ. ಎರಡು ಬಾಲ ಮಾಡಿಕೊಡ್ತೀನಿ.

ಪುಟ್ಟಿ: ಮಾವ, ಪೈಪ್ ಒಂದು ಮೀಟರ್. ಜಾಯಿನರ್ ಮರೀಬೇಡಿ.