ಅಗ್ಗದ ಗಾಳಿ ಬೋರ್ಡ್ ತರಿಸಿದ್ದೇನೆ, ಇಟ್ಟುಕೊಳ್ಳಲೇ, ವಾಪಸ್ ಕಳಿಸಲೇ?

ಪ್ರಶ್ನೆ:
ಮೇಡಂ, ನಮಸ್ಕಾರ. ನಿಂತುಕೊಂಡು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್ ಕಲಿಯಬೇಕು ಅಂತ ಬಹಳ ದಿನದ ಆಸೆ. ಈಗ ಗಾಳಿ ತುಂಬುವ ಅಗ್ಗದ ಬೋರ್ಡ್ ಒಂದನ್ನು ತರಿಸಿದ್ದೇನೆ. ಉದ್ದ 10 ಅಡಿ 6 ಇಂಚು, ಅಗಲ 32 ಇಂಚು, ದಪ್ಪ 6 ಇಂಚು. ಜೊತೆಗೆ ಕೈಪಂಪ್, ಮೂರು ತುಂಡಿನ ಅಲ್ಯೂಮಿನಿಯಂ ಪ್ಯಾಡಲ್, ಬೋರ್ಡಿನ ಅಡಿಗೆ ಸಿಕ್ಕಿಸುವ ರೆಕ್ಕೆ (ಫಿನ್), ಬೋರ್ಡನ್ನು ಕಾಲಿಗೆ ಕಟ್ಟುವ ದಾರ (ಲೀಶ್), ಬ್ಯಾಗ್ ಎಲ್ಲಾ ಬಂದಿದೆ. ಡಬ್ಬದ ಮೇಲೆ 150 ಕೆಜಿ ಹೊರುತ್ತದೆ ಎಂದಿದೆ. ನನ್ನ ತೂಕ 84 ಕೆಜಿ, ಎತ್ತರ 172 ಸೆಂ.ಮೀ. ಇನ್ನೂ ನೀರಿಗೆ ಇಳಿಸಿಲ್ಲ. ವಾಪಸ್ ಕಳಿಸಲು 10 ದಿನ ಉಳಿದಿದೆ. ದುಬಾರಿ ಬೋರ್ಡ್ ಇರುವ ಗೆಳೆಯನೊಬ್ಬ "ಇದು ಆಟಿಕೆ, ಸುಮ್ನೆ ವಾಪಸ್ ಮಾಡು" ಅನ್ನುತ್ತಿದ್ದಾನೆ. ನೀವು ಕಲಿಸುವವರು, ರಿಪೇರಿಯನ್ನೂ ಮಾಡುವವರು. ನಾನು ಏನೇನು ನೋಡಬೇಕು?

ಉತ್ತರ:
ವಾಪಸ್ ಮಾಡುವ ಮಾತು ಆಮೇಲೆ. ಮೊದಲು ಪೂರ್ತಿ ಗಾಳಿ ತುಂಬಿ. "ಬೋರ್ಡ್ ಸರಿ ಇಲ್ಲ" ಎಂದು ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನರ ಬೋರ್ಡು ಸರಿಯಾಗಿಯೇ ಇರುತ್ತದೆ, ಒಳಗೆ ಗಾಳಿ ಸಾಲದೆ ಇರುತ್ತದೆ ಅಷ್ಟೇ.

ನೀವು ಕೊಟ್ಟ ಅಳತೆ ಕಲಿಯುವವರಿಗೆ ಹೊಂದುವಂಥದ್ದೇ. 32 ಇಂಚು ಅಗಲದಲ್ಲಿ ನಿಲ್ಲಲು ಬರುತ್ತದೆ. 30ಕ್ಕಿಂತ ಕಡಿಮೆ ಇದ್ದಿದ್ದರೆ ಬೇಡ ಅನ್ನುತ್ತಿದ್ದೆ. ದಪ್ಪ 6 ಇಂಚು ಇರುವುದು ಇನ್ನೂ ಒಳ್ಳೆಯದು. ಅಗ್ಗದವುಗಳಲ್ಲಿ 4.7 ಇಂಚಿನವೂ ಸಿಗುತ್ತವೆ. ನಿಮ್ಮ ತೂಕದವರು ಅದರ ಮೇಲೆ ನಿಂತರೆ ನಡುವೆ ಜೋಲಿ ಬೀಳುತ್ತದೆ. ಬಟ್ಟೆ, ಗಾಳಿಯ ಒತ್ತಡ ಎರಡೂ ಅಷ್ಟೇ ಇದ್ದರೂ, 12 ಸೆಂ.ಮೀ. ಬದಲು 15 ಸೆಂ.ಮೀ. ದಪ್ಪ ಇದ್ದರೆ ಬಿಗಿತನ ಲೆಕ್ಕದಲ್ಲಿ ಒಂದೂವರೆ ಪಟ್ಟು ಆಗುತ್ತದೆ.

ಒಮ್ಮೆ ಇನ್ನು ರಿಪೇರಿ ಆಗಲ್ಲ ಎಂದು ಕೈಬಿಟ್ಟ ಬೋರ್ಡೊಂದನ್ನು ಕತ್ತರಿಸಿ ನೋಡಿದ್ದೆ. ಒಳಗೆ ಸಾವಿರಾರು ಬಿಳಿ ದಾರಗಳು, ಬ್ರಷ್ಷಿನ ಎಳೆಗಳಷ್ಟು ದಟ್ಟವಾಗಿ. ಒಂದು ತುದಿ ಮೇಲಿನ ಬಟ್ಟೆಗೆ, ಇನ್ನೊಂದು ಕೆಳಗಿನ ಬಟ್ಟೆಗೆ. ಗಾಳಿ ತುಂಬಿದರೆ ಬಲೂನಿನ ಹಾಗೆ ಉಬ್ಬದೆ ಹಲಗೆಯ ಹಾಗೆ ಚಪ್ಪಟೆ ನಿಲ್ಲುವುದು ಈ ದಾರಗಳು ಎಳೆದು ಹಿಡಿಯುವುದರಿಂದ. ಇದಕ್ಕೆ ಡ್ರಾಪ್ ಸ್ಟಿಚ್ ಅನ್ನುತ್ತಾರೆ. ಅಗ್ಗದ್ದಕ್ಕೂ ದುಬಾರಿಯದಕ್ಕೂ ಒಳಗಿನ ಉಪಾಯ ಇದೇ. ವ್ಯತ್ಯಾಸ ಇರುವುದು ಹೊರಗೆ. ಪಿವಿಸಿ ಎಷ್ಟು ಪದರ, ಅಂಚಿನ ಪಟ್ಟಿಯನ್ನು ಎಷ್ಟು ಚೆನ್ನಾಗಿ ಅಂಟಿಸಿದ್ದಾರೆ, ಅದನ್ನು ನೋಡಬೇಕು. ನಿಮ್ಮದು ಬಹುಶಃ ಒಂದೇ ಪದರದ್ದು. ಅದು ಕಳಪೆ ಅಂತಲ್ಲ, ಹಗುರ ಇರುತ್ತದೆ. ಆದರೆ ಕಲ್ಲಿಗೆ ಉಜ್ಜಿದರೆ ಬೇಗ ಗಾಯವಾಗುತ್ತದೆ.

ಈಗ ಕೆಲಸ. ಸಂಜೆ ಬೋರ್ಡಿಗೆ ಅದರ ಮೇಲೆಯೇ ಬರೆದಿರುವಷ್ಟು ಒತ್ತಡ ತುಂಬಿ. ಸಾಮಾನ್ಯವಾಗಿ 12ರಿಂದ 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುತ್ತದೆ. ನೆರಳಲ್ಲಿ ಇಟ್ಟು, ಮರುದಿನ ಸಂಜೆ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಮಧ್ಯಾಹ್ನ ತುಂಬಿ ಬೆಳಗಿನ ಜಾವ ಅಳೆದರೆ ತಣ್ಣಗಾದ ಗಾಳಿಯಿಂದಲೇ ಒತ್ತಡ ಇಳಿದಿರುತ್ತದೆ, ಸೋರಿಕೆ ಎಂದು ಗಾಬರಿ ಬೀಳುತ್ತೀರಿ. ಪಂಪಿನ ಕೊಳವೆ ಸಿಕ್ಕಿಸುವಾಗಲೂ ಒಂದಿಷ್ಟು ಗಾಳಿ ಅದರೊಳಗೆ ಹೋಗುತ್ತದೆ. ಹಾಗಾಗಿ ಒಂದು ಪಿಎಸ್‌ಐ ಅತ್ತಿತ್ತ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಸೋಪಿನ ನೀರು ಸವರಿ. ಗುಳ್ಳೆ ವಾಲ್ವ್ ಸುತ್ತ ಬಂದರೆ ಡಬ್ಬದಲ್ಲಿರುವ ಪ್ಲಾಸ್ಟಿಕ್ ಕೀಲಿಯಿಂದ ಬಿಗಿ ಮಾಡಿ, ಮುಗಿಯಿತು. ಅಂಚಿನಲ್ಲಿ ಗುಳ್ಳೆ ಬಂದರೆ ಯೋಚನೆ ಮಾಡದೆ ವಾಪಸ್ ಕಳಿಸಿ. ಅಂಚು ಬಿಡಲು ಶುರುವಾದ ಹೊಸ ಬೋರ್ಡಿಗೆ ಪ್ಯಾಚ್ ಹಾಕುತ್ತಾ ಕೂರುವುದು ನಿಮ್ಮ ಕೆಲಸ ಅಲ್ಲ.

ಬೋರ್ಡ್ ನೇರ ಇದೆಯೇ ಎಂದೂ ನೋಡಿ. ಮೂತಿಯ ನಡುವಿನಿಂದ ಬಾಲದ ನಡುವಿಗೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ಕೆಳಗೆ ಫಿನ್ ಕೂರುವ ಜಾಗ ದಾರದ ಗೆರೆಯಲ್ಲೇ ಇರಬೇಕು. ಸೊಟ್ಟ ಅಂಟಿಸಿದ್ದರೆ ಬೋರ್ಡು ಜೀವನಪೂರ್ತಿ ಒಂದೇ ಕಡೆಗೆ ಎಳೆಯುತ್ತದೆ.

150 ಕೆಜಿಯ ವಿಷಯ. ಈ ಅಳತೆಯ ಬೋರ್ಡಿನೊಳಗೆ ಸುಮಾರು 300 ಲೀಟರ್ ಗಾಳಿ ಹಿಡಿಯುತ್ತದೆ. ಅಂದರೆ 150 ಕೆಜಿ ಹೇರಿದರೆ ಅರ್ಧ ಬೋರ್ಡು ನೀರೊಳಗೆ. ಮುಳುಗುವುದಿಲ್ಲ ನಿಜ, ಆದರೆ ಅದರ ಮೇಲೆ ಯಾರು ನಿಂತು ಕಲಿಯುತ್ತಾರೆ? ಬರೆದಿದ್ದರಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ನಂಬುವುದು ನನ್ನ ರೂಢಿ. ನಿಮಗೆ 100 ಕೆಜಿ ಸಿಕ್ಕಿತು. 84 ಕೆಜಿ ಜೊತೆಗೆ ನೀರಿನ ಬಾಟಲಿ, ಚೀಲ ಆರಾಮಾಗಿ ಹಿಡಿಯುತ್ತದೆ. ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳುವ ಆಸೆ ಬೇಡ.

ಪ್ರಶ್ನೆ ಕೇಳಿದವರು:
ಮೇಡಂ, ಪಂಪ್ ಹೊಡೆದು ಹೊಡೆದು ಭುಜ ಬಿದ್ದುಹೋಯಿತು. ಗೇಜಿನ ಮುಳ್ಳು ಸೊನ್ನೆಯಿಂದ ಕದಲುತ್ತಲೇ ಇಲ್ಲ! ಕೊನೆಗೆ ಕೊಳವೆ ತೆಗೆದ ತಕ್ಷಣ ಬುಸ್ ಎಂದು ಎಲ್ಲಾ ಗಾಳಿ ಹೋಯಿತು. ಪಂಪೂ ಕೆಟ್ಟದ್ದಾ, ವಾಲ್ವೂ ಕೆಟ್ಟದ್ದಾ?

ಉತ್ತರ:
ಎರಡೂ ಚೆನ್ನಾಗಿವೆ. ವಾಲ್ವ್ ಒಳಗೆ ನಡುವೆ ಒಂದು ಗುಂಡಿ ಇದೆಯಲ್ಲಾ, ಅದನ್ನು ಒತ್ತಿ ತಿರುಗಿಸಿದರೆ ಒಮ್ಮೆ ಕೆಳಗೆ ಕೂರುತ್ತದೆ, ಇನ್ನೊಮ್ಮೆ ಮೇಲೆ ಬರುತ್ತದೆ. ಕೆಳಗೆ ಕೂತಿದ್ದರೆ ಬಾಗಿಲು ತೆರೆದೇ ಇದೆ ಎಂದರ್ಥ, ಅದು ಗಾಳಿ ಬಿಡುವಾಗಿನ ಸ್ಥಿತಿ. ತುಂಬುವಾಗ ಗುಂಡಿ ಮೇಲೆ ಇರಬೇಕು. ಎಲ್ಲರೂ ಒಮ್ಮೆ ಈ ಬುಸ್ ಕೇಳಿದವರೇ, ನಾನೂ ಸೇರಿ.

ಗೇಜಿನ ಕಥೆ ಬೇರೆ. ಕೈಪಂಪಿನ ಗೇಜು ಶುರುವಿನಲ್ಲಿ ಏನನ್ನೂ ತೋರಿಸುವುದಿಲ್ಲ. ಬೋರ್ಡು ಆಕಾರಕ್ಕೆ ಬಂದು ಒತ್ತಡ ಏರತೊಡಗಿದ ಮೇಲೆ ಮುಳ್ಳು ಏಳುತ್ತದೆ. ಜನ ಮೋಸ ಹೋಗುವುದು ಇಲ್ಲೇ. ಬೋರ್ಡು ನೋಡಲು ತುಂಬಿದ ಹಾಗೆ ಕಾಣುತ್ತದೆ, ಬೆರಳಲ್ಲಿ ತಟ್ಟಿದರೆ ಗಟ್ಟಿ ಅನ್ನಿಸುತ್ತದೆ, ತೋಳೂ ಸೋತಿರುತ್ತದೆ. ಸಾಕು ಅಂತ ನಿಲ್ಲಿಸಿಬಿಡುತ್ತಾರೆ. ಆಗ ಒಳಗೆ 7-8 ಇರಬಹುದು ಅಷ್ಟೇ. ನಿಜವಾದ ಬಿಗಿ ಬರುವುದು ಕೊನೆಯ ಆ ಕಷ್ಟದ ಸುತ್ತಿನಲ್ಲಿ.

ನಿಮ್ಮ ಪಂಪು ಮೇಲೆ ಎಳೆದಾಗಲೂ ಕೆಳಗೆ ಒತ್ತಿದಾಗಲೂ ಗಾಳಿ ಹಾಕುವಂಥದ್ದಾದರೆ, ಅದರಲ್ಲಿ ಒಂದು ಚಿಕ್ಕ ಬಿರಡೆ ಅಥವಾ ಗುಂಡಿ ಇರುತ್ತದೆ. ಭಾರ ಅನ್ನಿಸಿದಾಗ ಅದನ್ನು ತೆಗೆದುಬಿಡಿ. ಆಮೇಲೆ ಒತ್ತಿದಾಗ ಮಾತ್ರ ಗಾಳಿ ಹೋಗುತ್ತದೆ. ತೋಳಿನಿಂದ ಒತ್ತಬೇಡಿ. ಕೈ ನೇರ ಇಟ್ಟು, ಮೈಭಾರ ಹಾಕಿ ಬಗ್ಗಿ.

ಇನ್ನೊಬ್ಬ ಸದಸ್ಯರು:
ನನ್ನ ಅನುಭವ ಕೇಳಿ. ಅಗ್ಗದ ಬೋರ್ಡನ್ನೇ ಕೊಂಡಿದ್ದೆ. ಬೆಳಗ್ಗೆ ಗಟ್ಟಿಯಾಗಿ 15 ತುಂಬಿ, ಆಡಿ, ಊಟದ ಹೊತ್ತಿಗೆ ದಡದ ಮೇಲೆ ಬಿಸಿಲಲ್ಲಿ ಬಿಟ್ಟಿದ್ದೆ. ಬಂದು ನೋಡಿದರೆ ಅಂಚು ಅಂಗೈ ಉದ್ದ ಬಾಯಿ ಬಿಟ್ಟಿತ್ತು. ಮಾರಿದವರು ಬಿಸಿಲಿಗೆ ಗ್ಯಾರಂಟಿ ಇಲ್ಲ ಅಂದರು. ಹಾಗಾಗಿ ನಾನಂತೂ ಅಗ್ಗದ್ದು ಬೇಡ ಅನ್ನುತ್ತೇನೆ.

ಉತ್ತರ:
ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ಈ ಲೆಕ್ಕ ನೋಡಿ. 25 ಡಿಗ್ರಿಯಲ್ಲಿ 15 ಪಿಎಸ್‌ಐ ತುಂಬಿದ ಬೋರ್ಡಿನೊಳಗಿನ ಗಾಳಿ 55 ಡಿಗ್ರಿಗೆ ಕಾದರೆ ಒತ್ತಡ 18ಕ್ಕೆ ಏರುತ್ತದೆ. ಕಡು ಬಣ್ಣದ ಬೋರ್ಡು ಬಿಸಿಲಲ್ಲಿ ಒಣನೆಲದ ಮೇಲೆ ಬಿದ್ದಿದ್ದರೆ ಅಷ್ಟು ಕಾಯುವುದು ದೊಡ್ಡ ಮಾತಲ್ಲ. ಜೊತೆಗೆ ಬಿಸಿಗೆ ಅಂಟೂ ಮೆತ್ತಗಾಗುತ್ತದೆ. ಅಂಟು ದುರ್ಬಲ ಇರುವ ಬೋರ್ಡಿಗೆ ಎರಡು ಕಡೆಯಿಂದಲೂ ಪೆಟ್ಟು. ದುಬಾರಿಯದು ಇದನ್ನು ತಡೆದುಕೊಳ್ಳುವ ಸಾಧ್ಯತೆ ಜಾಸ್ತಿ, ಅದನ್ನು ಒಪ್ಪುತ್ತೇನೆ. ಆದರೂ ಯಾವ ಬೋರ್ಡನ್ನೂ ಹಾಗೆ ಬಿಡಬಾರದು. ನೆರಳಿಗೆ ಎಳೆಯಿರಿ, ನೆರಳಿಲ್ಲದಿದ್ದರೆ ಮೂರ್ನಾಲ್ಕು ಪಿಎಸ್‌ಐ ಇಳಿಸಿ. ನೀರಿನ ಮೇಲಿದ್ದಾಗ ಈ ಭಯ ಕಡಿಮೆ, ಕೆಳಗಿನಿಂದ ನೀರು ತಂಪಾಗಿ ಇಡುತ್ತಿರುತ್ತದೆ.

ಮತ್ತೊಬ್ಬ ಸದಸ್ಯರು:
ಜೊತೆಗೆ ಬರುವ ಸಾಮಾನುಗಳಲ್ಲಿ ಯಾವುದನ್ನು ಬದಲಾಯಿಸಬೇಕು ಮೇಡಂ? ನನಗೆ ಪ್ಯಾಡಲ್ ಹಾಕಿದರೆ ಅರ್ಧ ಗಂಟೆಗೆ ಭುಜ ನೋವು.

ಉತ್ತರ:
ಮೊದಲು ಪ್ಯಾಡಲ್. ಅಗ್ಗದ ಸೆಟ್ಟಿನಲ್ಲಿ ಹಣ ಉಳಿಸುವುದು ಇಲ್ಲೇ. ಅಲ್ಯೂಮಿನಿಯಂ ಪ್ಯಾಡಲ್ ಸುಮಾರು ಒಂದು ಕೆಜಿ ತೂಗುತ್ತದೆ. ಒಂದು ಗಂಟೆಯಲ್ಲಿ ಅದನ್ನು ಸಾವಿರ ಸಲವಾದರೂ ಎತ್ತುತ್ತೀರಿ, ಯೋಚಿಸಿ. ಫೈಬರ್‌ಗ್ಲಾಸ್ ದಂಡದ್ದು ಸಿಕ್ಕರೆ ಅದಕ್ಕೆ ಹೋಗಿ. ಆದರೆ ಹೊಸದು ಕೊಳ್ಳುವ ಮೊದಲು ಹಿಡಿಯುವ ರೀತಿ ನೋಡಿಕೊಳ್ಳಿ. ಪ್ಯಾಡಲ್ಲಿನ ಎಲೆ ದಂಡದಿಂದ ಸ್ವಲ್ಪ ಬಾಗಿರುತ್ತದೆ. ಆ ಬಾಗು ಮುಂದಕ್ಕೆ, ಬೋರ್ಡಿನ ಮೂತಿಯ ಕಡೆಗೆ ಇರಬೇಕು. ನೀರನ್ನು ಸೌಟಿನ ಹಾಗೆ ಬಾಚಬೇಕು ಅನ್ನಿಸಿ ಹೆಚ್ಚಿನವರು ಉಲ್ಟಾ ಹಿಡಿಯುತ್ತಾರೆ. ಉದ್ದ ನಿಮ್ಮ ಎತ್ತರಕ್ಕಿಂತ 15ರಿಂದ 20 ಸೆಂ.ಮೀ. ಜಾಸ್ತಿ ಇರಲಿ. ಮೊದಲ ಪ್ರಶ್ನೆ ಕೇಳಿದವರಿಗೆ 190ರ ಆಸುಪಾಸು ಸರಿ. ಜೋಡಿಸಿ ದೊಡ್ಡ ತೊಟ್ಟಿಯಲ್ಲೋ ದಡದ ಹತ್ತಿರದ ನೀರಲ್ಲೋ ಹಾಕಿ ತೇಲುತ್ತದೆಯೇ ನೋಡಿ. ಕೆಲವು ಒಳಗೆ ನೀರು ತುಂಬಿಕೊಂಡು ಮುಳುಗುತ್ತವೆ.

ಫಿನ್ ಸೊಟ್ಟಗಾಗಿದ್ದರೆ ಹೊಸದು ಬೇಡ. ಬಿಸಿ ನೀರಲ್ಲಿ ಅದ್ದಿ, ಮೆತ್ತಗಾದಾಗ ನೇರ ಹಿಡಿದು, ತಣ್ಣೀರಿಗೆ ಹಾಕಿ.

ಲೈಫ್ ಜಾಕೆಟ್ ಸೆಟ್ಟಿನಲ್ಲಿ ಬರುವುದೇ ಅಪರೂಪ. ಪ್ಯಾಡಲ್ಲಿಗೂ ಮೊದಲು ಅದಕ್ಕೆ ಖರ್ಚು ಮಾಡಿ. ಲೀಶ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸುಮ್ಮನೆ ನಿಂತ ನೀರಿಗೆ ಕಾಲಿನ ಲೀಶ್ ಸರಿ. ನೀವು ಬಿದ್ದಾಗ, ಬೀಸುವ ಗಾಳಿಯು ಬೋರ್ಡನ್ನು ನೀವು ಈಜುವುದಕ್ಕಿಂತ ಬೇಗ ಒಯ್ಯುತ್ತದೆ, ಆಗ ಲೀಶೇ ಗತಿ. ಹರಿಯುವ ನದಿಯಲ್ಲಿ ಮಾತ್ರ ಕಾಲಿಗೆ ಕಟ್ಟಲೇಬೇಡಿ. ದಾರ ಕೊಂಬೆಗೋ ಕಲ್ಲಿಗೋ ಸಿಕ್ಕಿದರೆ ಸೆಳೆತ ನಿಮ್ಮನ್ನು ನೀರೊಳಗೆ ಒತ್ತಿ ಹಿಡಿಯುತ್ತದೆ, ಬಗ್ಗಿ ಪಾದ ಮುಟ್ಟಲು ಆಗುವುದಿಲ್ಲ. ಅಲ್ಲಿಗೆ ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಲೀಶ್ ಬೇಕು.

ಪ್ರಶ್ನೆ ಕೇಳಿದವರು:
ಮೇಡಂ, ಪರೀಕ್ಷೆ ಮುಗಿಸಿದೆ. 15 ತುಂಬಿದ್ದು 24 ಗಂಟೆ ಬಿಟ್ಟು 14.5 ತೋರಿಸಿತು. ಅಂಚಿನಲ್ಲಿ ಗುಳ್ಳೆ ಇಲ್ಲ. ಫಿನ್ ಜಾಗ ದಾರಕ್ಕೆ ನೇರ ಇದೆ. ಆಮೇಲೆ ಗೆಳೆಯನ ಬೋರ್ಡನ್ನೂ ತರಿಸಿ ನಾವೇ ಒಂದು ಆಟ ಮಾಡಿದೆವು. ಎರಡೂ ತುದಿಗೆ ಮರದ ದಿಮ್ಮಿ ಕೊಟ್ಟು, ಫಿನ್ ಬಿಚ್ಚಿ, ನಡುವೆ ನಾನು ನಿಂತೆ. ಅವನು ಟೇಪ್ ಹಿಡಿದ. ನನ್ನದು 6 ಸೆಂ.ಮೀ. ಇಳಿಯಿತು, ಅವನದು 7! ಅವನ ಮುಖ ನೋಡಬೇಕಿತ್ತು. ಗೇಜ್ ಹಾಕಿದರೆ ಅವನದರಲ್ಲಿ 9 ಪಿಎಸ್‌ಐ ಮಾತ್ರ ಇತ್ತು. ಅದಕ್ಕೂ 15 ತುಂಬಿದ ಮೇಲೆ ಇಳಿತ 3 ಸೆಂ.ಮೀ.ಗೆ ಬಂತು.

ಉತ್ತರ:
ಒಳ್ಳೆ ಆಟ! ಗೆಳೆಯರ ಬೋರ್ಡು ನಿಜಕ್ಕೂ ಒಳ್ಳೆಯದು, ನಿಮ್ಮದರ ಅರ್ಧದಷ್ಟೇ ಬಾಗಿದೆ. ಆ 3 ಸೆಂ.ಮೀ. ವ್ಯತ್ಯಾಸ ಅಲೆ ಇರುವ ಕಡೆ, ದೂರ ಹೋಗುವಾಗ ಗೊತ್ತಾಗುತ್ತದೆ. ದಡದ ಹತ್ತಿರ ನಿಲ್ಲಲು ಕಲಿಯುವ ನಿಮಗೆ ಈಗ ಅದು ಲೆಕ್ಕಕ್ಕಿಲ್ಲ. ಇಟ್ಟುಕೊಳ್ಳಿ.

ಇನ್ನು ನೀರಿಗೆ. ಗಾಳಿ ಇಲ್ಲದ ಹೊತ್ತು ಆರಿಸಿಕೊಳ್ಳಿ. ದಡದಿಂದ ನೀರಿನ ಕಡೆಗೆ ಗಾಳಿ ಬೀಸುತ್ತಿದ್ದರೆ ಆ ದಿನ ಬೇಡ. ನೀರು ಎಷ್ಟು ಶಾಂತ ಕಂಡರೂ ವಾಪಸ್ ಬರುವಾಗ ಸಾಕಾಗುತ್ತದೆ. ಸೊಂಟದ ಆಳದಲ್ಲಿ, ನಡುವಿನ ಹಿಡಿಕೆಯ ಎರಡೂ ಬದಿಗೆ ಮಂಡಿ ಊರಿ ಹತ್ತು ನಿಮಿಷ ಪ್ಯಾಡಲ್ ಹಾಕಿ. ಆಮೇಲೆ ಒಂದೊಂದೇ ಪಾದ ಮಂಡಿ ಇದ್ದ ಜಾಗಕ್ಕೆ ತಂದು ಏಳಿ. ಎದ್ದ ಮೇಲೆ ಕಾಲು ನೋಡಬೇಡಿ, ದೂರ ನೋಡಿ. ಬೀಳುವ ಹಾಗಾದರೆ ಬೋರ್ಡಿನ ಮೇಲಲ್ಲ, ಪಕ್ಕಕ್ಕೆ ನೀರಿಗೆ ಬೀಳಿ. ಮತ್ತೆ, ಬಿಚ್ಚಿದ ಆ ಫಿನ್ ಹಾಕುವುದನ್ನು ಮರೆಯಬೇಡಿ. ಫಿನ್ ಇಲ್ಲದೆ ಇಳಿದರೆ ಇದ್ದಲ್ಲೇ ಬುಗುರಿ ಥರ ಸುತ್ತುತ್ತೀರಿ, ಗೆಳೆಯರು ಮತ್ತೆ ಆಟಿಕೆ ಅಂದಾರು.